ಹಸಿ ಟೊಮೆಟೊ ಮತ್ತು ಅನಾನಸ್ ಜ್ಯೂಸ್: ಪೌಷ್ಟಿಕಾಂಶ ಹೋಲಿಸಿ ನೋಡುವ ಕ್ರಮ

ಮಂಗಳೂರು, ಉಡುಪಿಯ ಮಾರುಕಟ್ಟೆಗಳಿಗೆ ಟೊಮೆಟೊ ಬಹುಪಾಲು ಕೋಲಾರ, ಹಾಸನ, ಚಿಕ್ಕಮಗಳೂರಿನ ಕಡೆಯಿಂದ ಘಟ್ಟ ಇಳಿದು ಬರುತ್ತದೆ. ಅನಾನಸ್ ಹಾಗಲ್ಲ. ಅದು ನಮ್ಮ ರಬ್ಬರ್ ತೋಟಗಳ ಎಳೆಯ ಗಿಡಗಳ ನಡುವೆ ಅಂತರಬೆಳೆಯಾಗಿಯೂ ಬೆಳೆಯುತ್ತದೆ, ಸೊರಬ, ಬನವಾಸಿ ಮತ್ತು ಕೇರಳದ ಕಡೆಯಿಂದಲೂ ಬರುತ್ತದೆ. ಎರಡೂ ವರ್ಷವಿಡೀ ಕೈಗೆ ಸಿಗುವುದರಿಂದ, ಮಕ್ಕಳಿಗೆ ಸಂಜೆ ಏನು ಕೊಡಬೇಕು, ರಕ್ತಹೀನತೆ ಇರುವವರ ಊಟದ ಜೊತೆಗೆ ಏನಿರಬೇಕು, ಸಕ್ಕರೆ ಕಾಯಿಲೆಯವರು ಯಾವುದನ್ನು ಬಿಡಬೇಕು ಎಂಬ ಮಾತು ಬಂದಾಗಲೆಲ್ಲ ಇವೆರಡರ ಹೋಲಿಕೆಯೂ ಬರುತ್ತದೆ. ‘ಯಾವುದರಲ್ಲಿ ಸತ್ವ ಜಾಸ್ತಿ’ ಎಂಬ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಡುವವರು ಸಾಮಾನ್ಯವಾಗಿ ಅಳತೆಯನ್ನು ಹೇಳದೆ ಬಿಟ್ಟಿರುತ್ತಾರೆ. ಅಳತೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಹೋಲಿಕೆಯನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಇಲ್ಲಿ ಬಳಸಿರುವ ಅಂಕಿಗಳು ಅಮೆರಿಕದ ಕೃಷಿ ಇಲಾಖೆಯ ಆಹಾರ ದತ್ತಾಂಶದಿಂದ ಬಂದವು, ಏಕೆಂದರೆ ಹಸಿ ಹಣ್ಣು ಮತ್ತು ಡಬ್ಬಿಯ ಜ್ಯೂಸ್ ಎರಡರ ವಿವರವೂ ಅದರಲ್ಲಿ ಒಂದೇ ಕಡೆ ಸಿಗುತ್ತದೆ. ತಳಿ, ಮಾಗಿದ ಹದ, ಬಿಸಿಲು, ಸಂಗ್ರಹಿಸಿಟ್ಟ ಅವಧಿ ಇವುಗಳಿಗೆ ತಕ್ಕಂತೆ ಅಂಕಿಗಳು, ಅದರಲ್ಲೂ ವಿಟಮಿನ್ ಸಿ, ಗಣನೀಯವಾಗಿ ಏರಿಳಿಯುತ್ತವೆ. ಹೀಗಾಗಿ ಒಂದೆರಡು ಮಿಲಿಗ್ರಾಂ ವ್ಯತ್ಯಾಸಕ್ಕೆ ಬೆಲೆ ಕೊಡಬೇಕಾಗಿಲ್ಲ. ದುಪ್ಪಟ್ಟು, ಐದು ಪಟ್ಟು ಎನ್ನುವಷ್ಟು ದೊಡ್ಡ ಅಂತರಗಳನ್ನು ಮಾತ್ರ ಗಮನಿಸಿ.

ಮೊದಲ ಹಂತ: ಯಾವ ಜ್ಯೂಸ್ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಟೊಮೆಟೊ ವಿಷಯದಲ್ಲಿ ಗೊಂದಲ ಕಡಿಮೆ. ಕೆಂಪಗೆ ಹಣ್ಣಾದ, ಬೇಯಿಸದ, ಸಿಪ್ಪೆ ಸಮೇತ ಇರುವ ಹಣ್ಣು ಎಂದು ಇಟ್ಟುಕೊಂಡರೆ ಸಾಕು. ಆದರೆ ‘ಅನಾನಸ್ ಜ್ಯೂಸ್’ ಎಂದರೆ ಕನಿಷ್ಠ ನಾಲ್ಕು ಬೇರೆ ಬೇರೆ ಪದಾರ್ಥಗಳು: ಮನೆಯಲ್ಲಿ ಹಣ್ಣು ಹೆಚ್ಚಿ ಮಿಕ್ಸಿಗೆ ಹಾಕಿ ಸೋಸಿದ ರಸ, ಜ್ಯೂಸ್ ಅಂಗಡಿಯವರು ಸಕ್ಕರೆ, ಐಸ್ ಹಾಕಿ ಮಾಡಿಕೊಡುವ ಲೋಟ, ಸಕ್ಕರೆ ಸೇರಿಸದೆ ಬಿಸಿಮಾಡಿ ಡಬ್ಬಿಗೆ ತುಂಬಿದ ರಸ, ಮತ್ತು ‘ಫ್ರೂಟ್ ಡ್ರಿಂಕ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪೊಟ್ಟಣ. ಕೊನೆಯದನ್ನು ರಸ ಎಂದು ಕರೆಯುವುದೇ ಕಷ್ಟ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ, ಫ್ರೂಟ್ ಡ್ರಿಂಕ್ ಎನಿಸಿಕೊಳ್ಳಲು ಹಣ್ಣಿನ ರಸ ಶೇಕಡ 10ರಷ್ಟು ಇದ್ದರೂ ಸಾಕಾಗುತ್ತದೆ. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ.

ಪೊಟ್ಟಣ ಕೊಳ್ಳುವವರು ಹಿಂಬದಿಯನ್ನು ತಿರುಗಿಸಿ ಪದಾರ್ಥಗಳ ಪಟ್ಟಿಯನ್ನು ಓದಬೇಕು. ಅದರಲ್ಲಿ ಪ್ರಮಾಣ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ನೀರು, ಸಕ್ಕರೆ ಎಂಬ ಎರಡು ಹೆಸರುಗಳು ಅನಾನಸ್‌ಗಿಂತ ಮೊದಲು ಕಂಡರೆ, ಈ ಲೇಖನದ ಅಂಕಿಗಳು ಆ ಪೊಟ್ಟಣಕ್ಕೆ ಅನ್ವಯಿಸುವುದಿಲ್ಲ ಎಂದು ತಿಳಿಯಿರಿ. ಗಟ್ಟಿ ರಸಕ್ಕೆ ಮತ್ತೆ ನೀರು ಬೆರೆಸಿ ತಯಾರಿಸಿದ ಜ್ಯೂಸ್‌ಗಳ ಮೇಲೆ ‘ಶೇಕಡ 100 ಹಣ್ಣಿನ ರಸ’ ಎಂದು ಬರೆಯುವುದನ್ನು ಕೈಬಿಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ತಯಾರಕರಿಗೆ ಸೂಚಿಸಿತ್ತು. ಮುಂಬದಿಯ ದೊಡ್ಡ ಅಕ್ಷರಕ್ಕಿಂತ ಹಿಂಬದಿಯ ಸಣ್ಣ ಅಕ್ಷರವನ್ನು ನಂಬುವುದೇ ಸರಿ. ಪಟ್ಟಿಯಲ್ಲಿ ‘300’ ಎಂಬ ಸಂಖ್ಯೆ ಇದ್ದರೆ ಅದು ಹೊರಗಿನಿಂದ ಸೇರಿಸಿದ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ. ಅಂಥ ಜ್ಯೂಸ್‌ನಲ್ಲಿ ವಿಟಮಿನ್ ಸಿ ಹಲವು ಪಟ್ಟು ಹೆಚ್ಚು ಕಾಣಬಹುದು, ಆದರೆ ಆ ಗುಣ ಅನಾನಸ್‌ನದ್ದಲ್ಲ.

ಮುಂದಿನ ಹಂತಗಳಲ್ಲಿ ಜ್ಯೂಸ್ ಎಂದರೆ ಸಕ್ಕರೆಯನ್ನಾಗಲಿ ವಿಟಮಿನ್‌ಅನ್ನಾಗಲಿ ಸೇರಿಸದ ಡಬ್ಬಿಯ ಅನಾನಸ್ ರಸ ಎಂದೇ ಓದಿಕೊಳ್ಳಿ.

ಎರಡನೆಯ ಹಂತ: ಎರಡನ್ನೂ 100 ಗ್ರಾಂಗೆ ತನ್ನಿ

ಸಮ ತೂಕದಲ್ಲಿ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಸಕ್ಕರೆ. 100 ಗ್ರಾಂ ಟೊಮೆಟೊದಲ್ಲಿ 18 ಕಿಲೊಕ್ಯಾಲರಿ ಶಕ್ತಿ ಮತ್ತು ಸುಮಾರು 2.6 ಗ್ರಾಂ ಸಕ್ಕರೆ ಇದ್ದರೆ, ಅಷ್ಟೇ ತೂಕದ ಅನಾನಸ್ ಜ್ಯೂಸ್‌ನಲ್ಲಿ 53 ಕಿಲೊಕ್ಯಾಲರಿ ಮತ್ತು ಸುಮಾರು 10 ಗ್ರಾಂ ಸಕ್ಕರೆ ಇದೆ. ಟೊಮೆಟೊದ ಶೇಕಡ 94ಕ್ಕಿಂತ ಹೆಚ್ಚಿನ ಭಾಗ ನೀರು, ಜ್ಯೂಸ್‌ನಲ್ಲಿ ಸುಮಾರು 86. ಗಟ್ಟಿಯಾಗಿ ಕಾಣುವ ಹಣ್ಣಿನಲ್ಲಿ ನೀರು ಹೆಚ್ಚಿದ್ದು, ಕುಡಿಯುವ ರಸದಲ್ಲಿ ಕಡಿಮೆ ಇರುವುದು ವಿಚಿತ್ರ ಎನಿಸಿದರೂ ಕಾರಣ ಸರಳ: ನೀರಿನ ಜಾಗದಲ್ಲಿ ಕರಗಿದ ಸಕ್ಕರೆ ಕುಳಿತಿದೆ.

ನಾರಿನಂಶದಲ್ಲಿ ಅಂತರ ಇನ್ನೂ ಹೆಚ್ಚು. ಟೊಮೆಟೊದಲ್ಲಿ 1.2 ಗ್ರಾಂ, ಜ್ಯೂಸ್‌ನಲ್ಲಿ 0.2 ಗ್ರಾಂ. ಪೊಟ್ಯಾಸಿಯಮ್ ಟೊಮೆಟೊದಲ್ಲಿ 237 ಮಿಲಿಗ್ರಾಂ, ಜ್ಯೂಸ್‌ನಲ್ಲಿ 130. ವಿಟಮಿನ್ ಸಿ ಕ್ರಮವಾಗಿ 14 ಮತ್ತು 10 ಮಿಲಿಗ್ರಾಂ. ಈ ವ್ಯತ್ಯಾಸವನ್ನು ದೊಡ್ಡದೆಂದು ಎಣಿಸಬಾರದು. ಫೋಲೇಟ್, ಮೆಗ್ನೀಸಿಯಮ್, ಕ್ಯಾಲ್ಸಿಯಂಗಳಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ, ಮತ್ತು ಎರಡರಲ್ಲೂ ಅವು ಅಲ್ಪವೇ. ಪ್ರೋಟೀನ್ ಎರಡರಲ್ಲೂ ಒಂದು ಗ್ರಾಂಗಿಂತ ಕಡಿಮೆ. ಅದಕ್ಕಾಗಿ ಇವೆರಡರ ಕಡೆ ನೋಡುವುದೇ ಬೇಡ.

ಒಂದೊಂದಕ್ಕೆ ಮಾತ್ರ ಸೇರಿದ ಗುಣಗಳೂ ಇವೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ 100 ಗ್ರಾಂನಲ್ಲಿ ಸುಮಾರು 2.6 ಮಿಲಿಗ್ರಾಂ ಇದೆ, ಅನಾನಸ್ ಜ್ಯೂಸ್‌ನಲ್ಲಿ ಅದಿಲ್ಲ. ದೇಹ ವಿಟಮಿನ್ ಎ ಆಗಿ ಪರಿವರ್ತಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಟೊಮೆಟೊದಲ್ಲಿ ಸುಮಾರು 450 ಮೈಕ್ರೋಗ್ರಾಂ ಇದ್ದರೆ ಜ್ಯೂಸ್‌ನಲ್ಲಿ ಲೆಕ್ಕಕ್ಕೆ ಸಿಗದಷ್ಟು ಅತ್ಯಲ್ಪ. ಜ್ಯೂಸ್ ಸ್ಪಷ್ಟವಾಗಿ ಮುಂದಿರುವುದು ಮ್ಯಾಂಗನೀಸ್‌ನಲ್ಲಿ: 0.5 ಮಿಲಿಗ್ರಾಂ, ಅಂದರೆ ಟೊಮೆಟೊದ ನಾಲ್ಕು ಪಟ್ಟಿಗಿಂತ ಹೆಚ್ಚು. ಮೂಳೆಯ ಬೆಳವಣಿಗೆಗೆ ಮತ್ತು ದೇಹದ ಹಲವು ಕಿಣ್ವಗಳ ಕೆಲಸಕ್ಕೆ ಈ ಖನಿಜ ಬೇಕು. ಆದರೆ ಅನ್ನ, ತೆಂಗಿನಕಾಯಿ, ಕಾಳುಮೆಣಸು, ಶುಂಠಿ, ಅರಶಿನ ಇವೆಲ್ಲವೂ ಮ್ಯಾಂಗನೀಸ್ ಇರುವ ಪದಾರ್ಥಗಳೇ. ದಿನವೂ ಕುಚಲಕ್ಕಿ ಅನ್ನ ಉಂಡು, ಕಾಯಿ ಅರೆದ ಪದಾರ್ಥ ಬಡಿಸಿಕೊಳ್ಳುವ ನಮ್ಮ ಊಟದಲ್ಲಿ ಅದರ ಕೊರತೆ ಉಂಟಾಗುವ ಸಂಭವ ಬಹಳ ಕಡಿಮೆ. ಆದ್ದರಿಂದ ಮ್ಯಾಂಗನೀಸ್‌ಗಾಗಿ ಜ್ಯೂಸ್ ಕುಡಿಯಬೇಕೆಂಬ ಸಲಹೆ ಕರಾವಳಿಯವರಿಗೆ ಹೆಚ್ಚು ಉಪಯೋಗದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹಂತ: ತಿನ್ನುವ, ಕುಡಿಯುವ ಅಳತೆಗೆ ಬನ್ನಿ

ಯಾರೂ ಜ್ಯೂಸನ್ನು ತಕ್ಕಡಿಯಲ್ಲಿ ತೂಗಿ 100 ಗ್ರಾಂ ಕುಡಿಯುವುದಿಲ್ಲ. ಸಾಧಾರಣ ಗಾತ್ರದ ಒಂದು ಟೊಮೆಟೊ ಸುಮಾರು 100 ಗ್ರಾಂ ತೂಗುತ್ತದೆ. 200 ಮಿಲಿಲೀಟರಿನ ಒಂದು ಲೋಟ ಜ್ಯೂಸ್ ಸುಮಾರು 210 ಗ್ರಾಂ. ಈ ಅಳತೆಯಲ್ಲಿ ಲೆಕ್ಕ ಹಾಕಿದರೆ ಜ್ಯೂಸ್‌ನ ಲೋಟದಲ್ಲಿ 21 ಮಿಲಿಗ್ರಾಂ ವಿಟಮಿನ್ ಸಿ, 270 ಮಿಲಿಗ್ರಾಂನಷ್ಟು ಪೊಟ್ಯಾಸಿಯಮ್ ಸಿಗುತ್ತದೆ. ಅಂದರೆ ಎರಡನೆಯ ಹಂತದಲ್ಲಿ ಹಿಂದೆ ಬಿದ್ದಿದ್ದ ಜ್ಯೂಸ್ ಇಲ್ಲಿ ಎರಡರಲ್ಲೂ ಟೊಮೆಟೊವನ್ನು ದಾಟುತ್ತದೆ. ಜ್ಯೂಸ್‌ನ ಪರವಾಗಿ ಬರೆಯುವವರು ಲೋಟದ ಅಳತೆಯನ್ನೂ, ಟೊಮೆಟೊ ಪರವಾಗಿ ಬರೆಯುವವರು 100 ಗ್ರಾಂ ಅಳತೆಯನ್ನೂ ಆರಿಸಿಕೊಂಡರೆ ಇಬ್ಬರ ಮಾತೂ ಲೆಕ್ಕದಲ್ಲಿ ನಿಜವೇ ಆಗಿರುತ್ತದೆ.

ಆದರೆ ಅದೇ ಲೋಟದ ಜೊತೆಗೆ 111 ಕಿಲೊಕ್ಯಾಲರಿ ಮತ್ತು 21 ಗ್ರಾಂ ಸಕ್ಕರೆ, ಅಂದರೆ ಸುಮಾರು ಐದು ಚಹಾ ಚಮಚ ಸಕ್ಕರೆ, ಒಳಗೆ ಹೋಗುತ್ತದೆ. ಹಣ್ಣಿನ ರಸದ ಸಕ್ಕರೆ ಪ್ರಕೃತಿದತ್ತವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಇಡೀ ಹಣ್ಣಿನ ಒಳಗಿರುವ ಸಕ್ಕರೆಯನ್ನು ಅದು ಬಿಟ್ಟುಬಿಡುತ್ತದೆ, ಆದರೆ ಹಿಂಡಿ ತೆಗೆದ ರಸದ ಸಕ್ಕರೆಯನ್ನು ಸಕ್ಕರೆ ಡಬ್ಬಿಯ ಸಕ್ಕರೆಯೊಂದಿಗೇ ಎಣಿಸುತ್ತದೆ. ದಿನದ ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಭಾಗ ಮಾತ್ರ ಇಂಥ ಸಕ್ಕರೆಯಿಂದ ಬರಬೇಕು, ಶೇಕಡ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ಅದರ ಸಲಹೆ. ದಿನಕ್ಕೆ 2000 ಕಿಲೊಕ್ಯಾಲರಿ ಸೇವಿಸುವವರಿಗೆ ಶೇಕಡ 5 ಎಂದರೆ 25 ಗ್ರಾಂ. ಒಂದು ಲೋಟ ಜ್ಯೂಸ್ ಕುಡಿದ ಮೇಲೆ ಆ ದಿನದ ಕಾಫಿ, ಚಹಾಕ್ಕೆ ಉಳಿಯುವುದು ಒಂದು ಚಮಚ ಸಕ್ಕರೆ. ಜ್ಯೂಸ್ ಅಂಗಡಿಯಲ್ಲಿ ಇನ್ನೆರಡು ಚಮಚ ಸಕ್ಕರೆ ಬಿದ್ದರೆ ಆ ಒಂದೇ ಲೋಟ ಮಿತಿಯನ್ನು ದಾಟಿರುತ್ತದೆ.

ಇನ್ನೊಂದು ಲೆಕ್ಕವನ್ನೂ ಇಲ್ಲಿಯೇ ಮಾಡಿ ನೋಡುವುದು ಉಪಯುಕ್ತ. ಒಂದು ಟೊಮೆಟೊದಷ್ಟೇ, ಅಂದರೆ 18 ಕಿಲೊಕ್ಯಾಲರಿ, ಶಕ್ತಿ ಬರುವಷ್ಟು ಜ್ಯೂಸ್ ತೆಗೆದುಕೊಳ್ಳಬೇಕಾದರೆ ಸುಮಾರು 34 ಗ್ರಾಂ, ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು ಕುಡಿಯಬೇಕು. ಅದರಲ್ಲಿ ವಿಟಮಿನ್ ಸಿ ಮೂರು ಮಿಲಿಗ್ರಾಂ ಚಿಲ್ಲರೆ, ಪೊಟ್ಯಾಸಿಯಮ್ 44 ಮಿಲಿಗ್ರಾಂ. ತೂಕ ಇಳಿಸಿಕೊಳ್ಳಬೇಕಾದವರು, ಸಕ್ಕರೆ ಕಾಯಿಲೆಯವರು ಈ ಮೂರನೆಯ ಲೆಕ್ಕವನ್ನೇ ಮುಖ್ಯವಾಗಿ ನೋಡಬೇಕು.

ನಾಲ್ಕನೆಯ ಹಂತ: ಹಿಂಡುವಾಗ, ಬೇಯಿಸುವಾಗ ಏನು ಹೋಗುತ್ತದೆ ಎಂದು ನೋಡಿ

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಹೋಲಿಕೆ ಟೊಮೆಟೊ ಮತ್ತು ಜ್ಯೂಸ್‌ಗಳ ನಡುವಿನದಲ್ಲ, ಅನಾನಸ್ ಹಣ್ಣು ಮತ್ತು ಅನಾನಸ್ ಜ್ಯೂಸ್‌ಗಳ ನಡುವಿನದು. 100 ಗ್ರಾಂ ತಾಜಾ ಅನಾನಸ್ ಹಣ್ಣಿನಲ್ಲಿ ಸುಮಾರು 48 ಮಿಲಿಗ್ರಾಂ ವಿಟಮಿನ್ ಸಿ, 1.4 ಗ್ರಾಂ ನಾರು, 0.9 ಮಿಲಿಗ್ರಾಂ ಮ್ಯಾಂಗನೀಸ್ ಇದೆ. ಅದೇ ಹಣ್ಣು ಡಬ್ಬಿಯ ರಸವಾದಾಗ ವಿಟಮಿನ್ ಸಿ 10ಕ್ಕೆ, ನಾರು 0.2ಕ್ಕೆ, ಮ್ಯಾಂಗನೀಸ್ 0.5ಕ್ಕೆ ಇಳಿಯುತ್ತವೆ. ಇಳಿಯದೆ ಉಳಿಯುವುದು ಸಕ್ಕರೆ: ಹಣ್ಣಿನಲ್ಲೂ ಸುಮಾರು 10 ಗ್ರಾಂ, ರಸದಲ್ಲೂ ಸುಮಾರು 10 ಗ್ರಾಂ. ನಾರಿನಂಶ ಸೋಸುವಾಗ ಚರಟದೊಂದಿಗೆ ಹೊರಗೆ ಹೋಗುತ್ತದೆ. ವಿಟಮಿನ್ ಸಿ ಶಾಖಕ್ಕೂ ಗಾಳಿಗೂ ಕೆಡುವ ಸ್ವಭಾವದ್ದು. ಕೆಡದಂತೆ ಇಡಲು ರಸವನ್ನು ಬಿಸಿಮಾಡುವಾಗ, ಬಳಿಕ ತಿಂಗಳುಗಟ್ಟಲೆ ಇಡುವಾಗ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಅನಾನಸ್‌ನಲ್ಲಿ ಪ್ರೋಟೀನನ್ನು ಕರಗಿಸುವ ಬ್ರೊಮೆಲಿನ್ ಎಂಬ ಕಿಣ್ವವಿದೆ, ಹಸಿ ಹಣ್ಣು ತಿಂದಾಗ ನಾಲಗೆ ಉರಿಯುವುದಕ್ಕೆ ಒಂದು ಕಾರಣ ಅದೇ. ಬಿಸಿಮಾಡಿದ ಜ್ಯೂಸ್‌ನಲ್ಲಿ ಅದು ನಿಷ್ಕ್ರಿಯವಾಗಿರುತ್ತದೆ. ಜೀರ್ಣಕ್ಕೆ ಒಳ್ಳೆಯದೆಂದು ಭಾವಿಸಿ ಡಬ್ಬಿಯ ರಸ ಕುಡಿಯುವವರಿಗೆ ಆ ಕಿಣ್ವದ ಪ್ರಯೋಜನ ಸಿಗುವುದಿಲ್ಲ.

ಮನೆಯಲ್ಲಿ ಆಗಿಂದಾಗ ಮಾಡಿ ಸೋಸದೆ ಕುಡಿಯುವ ರಸ ಹಣ್ಣಿಗೆ ಹೆಚ್ಚು ಹತ್ತಿರ. ಅಲ್ಲಿಯೂ ಒಂದು ತೊಂದರೆ ಇದ್ದೇ ಇದೆ: ಎರಡು ತುಂಡು ತಿಂದರೆ ಸಾಕೆನಿಸುವ ಹಣ್ಣನ್ನು ರಸ ಮಾಡಿದಾಗ ಐದಾರು ತುಂಡಿನಷ್ಟು ಸಲೀಸಾಗಿ ಗಂಟಲಿನಲ್ಲಿ ಇಳಿಯುತ್ತದೆ.

ಟೊಮೆಟೊದ ಕಥೆ ಬೇರೆಯೇ ಇದೆ. ಬೇಯಿಸಿದಾಗ ಅದರ ವಿಟಮಿನ್ ಸಿ ಒಂದಷ್ಟು ನಷ್ಟವಾಗುವುದು ನಿಜ, ಆದರೆ ಲೈಕೋಪಿನ್ ಹಾಗಲ್ಲ. ಶಾಖಕ್ಕೆ ಜೀವಕೋಶದ ಗೋಡೆಗಳು ಒಡೆದು ಅದು ಹೊರಬರುತ್ತದೆ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಜೊತೆಗೆ ಸ್ವಲ್ಪ ಎಣ್ಣೆ ಇದ್ದರೆ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟ ಟೊಮೆಟೊ ಸಾರು ಈ ದೃಷ್ಟಿಯಿಂದ ಬಹಳ ಒಳ್ಳೆಯ ಪದಾರ್ಥ. ಬೇಳೆಗೆ ಮೊದಲೇ ಟೊಮೆಟೊ ಹಾಕಿ ಕುಕ್ಕರಿನಲ್ಲಿ ಕೂಗಿಸುವ ಬದಲು, ಅರ್ಧ ಭಾಗವನ್ನು ಕೊನೆಯಲ್ಲಿ ಹೆಚ್ಚಿ ಹಾಕಿ ಒಂದು ಕುದಿ ಬರಿಸಿ ಇಳಿಸಿದರೆ ವಿಟಮಿನ್ ಸಿ ಕೂಡ ಹೆಚ್ಚು ಉಳಿಯುತ್ತದೆ. ಹಸಿಯಾಗಿ ತಿನ್ನುವವರು ಸಿಪ್ಪೆ ತೆಗೆಯಬಾರದು, ಹೆಚ್ಚಿದ ಮೇಲೆ ಗಂಟೆಗಟ್ಟಲೆ ತೆರೆದಿಡಬಾರದು.

ಐದನೆಯ ಹಂತ: ಯಾವ ಉದ್ದೇಶಕ್ಕೆ ಎಂದು ಕೇಳಿಕೊಳ್ಳಿ

ವಿಟಮಿನ್ ಸಿ ಹೆಚ್ಚಿಸಿಕೊಳ್ಳುವುದು ಉದ್ದೇಶವಾಗಿದ್ದರೆ ನಮ್ಮ ಪಟ್ಟಿಯ ಎರಡೂ ಅಷ್ಟಕ್ಕಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ವಯಸ್ಕ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಬೇಕೆಂದು ಹೇಳಿದೆ. ಒಂದು ಟೊಮೆಟೊ ಇಲ್ಲವೇ ಒಂದು ಲೋಟ ಡಬ್ಬಿ ರಸ ಅದರ ಕಾಲುಭಾಗದ ಆಸುಪಾಸಿನಲ್ಲಿ ನಿಲ್ಲುತ್ತದೆ; 100 ಗ್ರಾಂ ತಾಜಾ ಅನಾನಸ್ ಹಣ್ಣು ಹೆಂಗಸರ ಅಗತ್ಯದ ಮುಕ್ಕಾಲು ಭಾಗದವರೆಗೆ ಬರುತ್ತದೆ. ನೆಲ್ಲಿಕಾಯಿ, ಪೇರಳೆ ಇದಕ್ಕಿಂತಲೂ ಬಹಳ ಮುಂದಿವೆ.

ರಕ್ತಹೀನತೆ ಇರುವವರಿಗೆ ಸಮಯವೇ ಮುಖ್ಯ. ಹರಿವೆ, ಬಸಳೆ, ಹೆಸರುಕಾಳುಗಳಂಥ ಸಸ್ಯಾಹಾರದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ, ಊಟದ ಜೊತೆ ಚಹಾ, ಕಾಫಿ ಕುಡಿದರೆ ಕುಗ್ಗುತ್ತದೆ. ಹರಿವೆ ಪಲ್ಯ ಇರುವ ದಿನ ಬಟ್ಟಲ ಅಂಚಿನಲ್ಲಿ ಹಸಿ ಟೊಮೆಟೊ ಹೋಳುಗಳಿರಲಿ, ಇಲ್ಲವೇ ಅನಾನಸ್ ಸಾಸಿವೆ ಇರಲಿ. ಹಸಿ ಹಣ್ಣಿಗೆ ಕಾಯಿ, ಸಾಸಿವೆ ಅರೆದು ಹಾಕಿ ಒಲೆಗೆ ಇಡದೆ ಮಾಡುವ ಈ ಪದಾರ್ಥದಲ್ಲಿ ವಿಟಮಿನ್ ಸಿ ಬಹುಪಾಲು ಉಳಿದಿರುತ್ತದೆ. ಅನಾನಸ್ ಮೆಣಸ್ಕಾಯಿ ರುಚಿಯಲ್ಲಿ ಮೇಲಿನದಾದರೂ ಹಣ್ಣು ಬೆಲ್ಲದೊಂದಿಗೆ ಬೇಯುವುದರಿಂದ ಅದನ್ನು ಈ ಲೆಕ್ಕದಲ್ಲಿ ಹಿಡಿಯಬೇಡಿ.

ಮಾರ್ಚ್, ಏಪ್ರಿಲ್ ತಿಂಗಳ ಬೆವರಿಗೆ ಜ್ಯೂಸ್ ಒಳ್ಳೆಯದೆಂದು ಕುಡಿಯುವವರು ಒಂದು ಅಂಶವನ್ನು ಗಮನಿಸಬೇಕು. ಬೆವರಿನಲ್ಲಿ ಮುಖ್ಯವಾಗಿ ನಷ್ಟವಾಗುವುದು ನೀರು ಮತ್ತು ಉಪ್ಪು. 100 ಗ್ರಾಂಗೆ ಟೊಮೆಟೊದಲ್ಲಿ 5 ಮಿಲಿಗ್ರಾಂ, ಜ್ಯೂಸ್‌ನಲ್ಲಿ 2 ಮಿಲಿಗ್ರಾಂ ಸೋಡಿಯಂ ಮಾತ್ರ ಇದೆ. ಆ ನಷ್ಟಕ್ಕೆ ಉಪ್ಪು ಹಾಕಿದ ಗಂಜಿ ತಿಳಿ, ನೀರುಮಜ್ಜಿಗೆ ಹೆಚ್ಚು ಸೂಕ್ತ.

ಮಕ್ಕಳ ವಿಷಯದಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2019ರಲ್ಲಿ ಸ್ಪಷ್ಟ ಮಿತಿ ಹೇಳಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಜ್ಯೂಸ್ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 125 ಮಿಲಿಲೀಟರ್ ಮೀರಬಾರದು. ಇಷ್ಟನ್ನು ಕೊಡಲೇಬೇಕು ಎಂದು ಇದರ ಅರ್ಥವಲ್ಲ. ಹಣ್ಣನ್ನು ಅಗಿದು ತಿನ್ನಬಲ್ಲ ಮಗುವಿಗೆ ಹಣ್ಣನ್ನೇ ಕೊಡಿ.

ಸಕ್ಕರೆ ಕಾಯಿಲೆಯವರಿಗೆ ದಿನನಿತ್ಯದ ಆಯ್ಕೆ ಟೊಮೆಟೊ. ಆದರೆ ರಕ್ತದ ಸಕ್ಕರೆ ಹಠಾತ್ತನೆ ತೀರಾ ಇಳಿದು ಬೆವರು, ನಡುಕ ಬಂದಾಗ ಜ್ಯೂಸ್ ಔಷಧಿಯಂತೆ ಉಪಯೋಗಕ್ಕೆ ಬರುತ್ತದೆ. ವ್ಯಕ್ತಿಗೆ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸುಮಾರು ಅರ್ಧ ಕಪ್, 120 ಮಿಲಿಲೀಟರ್ ಅನಾನಸ್ ಜ್ಯೂಸ್ ಕೊಟ್ಟು ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿರುವ ಮನೆಯಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಹುಳಿತೇಗು, ಎದೆಯುರಿ ಇರುವವರಿಗೆ ಎರಡೂ ಆಮ್ಲೀಯವೇ, ಜ್ಯೂಸ್ ಇನ್ನೂ ಹೆಚ್ಚು ಹುಳಿ. ಹುಳಿ ರಸ ಹಲ್ಲಿನ ಎನಾಮೆಲನ್ನು ಮೆತ್ತಗಾಗಿಸುವುದರಿಂದ, ಕುಡಿದ ತಕ್ಷಣ ಹಲ್ಲುಜ್ಜದೆ ನೀರಿನಲ್ಲಿ ಬಾಯಿ ಮುಕ್ಕಳಿಸಿ.

ಆರನೆಯ ಹಂತ: ಕೊಳ್ಳುವಾಗ

ಟೊಮೆಟೊ ಕೊಯ್ದ ಮೇಲೂ ಹಣ್ಣಾಗುತ್ತದೆ, ಬಣ್ಣ ಏರಿದಂತೆ ಲೈಕೋಪಿನ್ ಕೂಡ ಏರುತ್ತದೆ. ಘಟ್ಟದ ದಾರಿಯಲ್ಲಿ ಬಂದ ನಸುಗೆಂಪು ಟೊಮೆಟೊವನ್ನು ಫ್ರಿಜ್‌ನಲ್ಲಿ ಇಡದೆ ಹೊರಗಿಟ್ಟು, ಚೆನ್ನಾಗಿ ಕೆಂಪಾದ ಮೇಲೆ ಬಳಸಿ. ಅನಾನಸ್‌ಗೆ ಈ ಗುಣವಿಲ್ಲ. ಕೊಯ್ದ ಮೇಲೆ ಅದರ ಸಿಪ್ಪೆ ಹಳದಿಯಾದರೂ ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ಬುಡದಲ್ಲಿ ಒಳ್ಳೆಯ ಪರಿಮಳವಿರುವ, ಎತ್ತಿದಾಗ ಗಾತ್ರಕ್ಕೆ ತಕ್ಕ ಭಾರವಿರುವ ಹಣ್ಣನ್ನೇ ಆರಿಸಬೇಕು. ಸಿಹಿಯಿರುವ ಹಣ್ಣು ಸಿಕ್ಕರೆ ಜ್ಯೂಸ್‌ಗೆ ಸಕ್ಕರೆ ಹಾಕುವ ಅಗತ್ಯವೇ ಬೀಳುವುದಿಲ್ಲ. ಅಂಗಡಿಯಲ್ಲಿ ಕುಡಿಯುವುದಾದರೆ ಸಕ್ಕರೆ ಬೇಡ, ಐಸ್ ಬೇಡ, ಸೋಸುವುದು ಬೇಡ ಎಂದು ಮೊದಲೇ ಹೇಳಿ. ಮಳೆಗಾಲದಲ್ಲಿ ಐಸ್ ಯಾವ ನೀರಿನದು ಎಂಬ ಸಂಶಯಕ್ಕೂ ಆಗ ಎಡೆಯಿರುವುದಿಲ್ಲ.

ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಮ್ ಕಡಿಮೆ ಮಾಡಲು ವೈದ್ಯರು ಹೇಳಿರುವವರು ಮತ್ತು ರಕ್ತದೊತ್ತಡಕ್ಕೆ ಪೊಟ್ಯಾಸಿಯಮ್ ಏರಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಮಾತ್ರ ಈ ಹೋಲಿಕೆಯನ್ನು ಬೇರೆ ರೀತಿಯಲ್ಲಿ ಓದಬೇಕು. ಉಳಿದವರಿಗೆ ಟೊಮೆಟೊದ ಗುಣವಾಗಿರುವ 237 ಮಿಲಿಗ್ರಾಂ ಅವರಿಗೆ ಎಚ್ಚರಿಕೆಯ ಅಂಕಿ. ಒಂದು ಲೋಟ ಜ್ಯೂಸ್‌ನ ಪೊಟ್ಯಾಸಿಯಮ್ ಕೂಡ ಅದಕ್ಕಿಂತ ಕಡಿಮೆಯಿಲ್ಲವಾದ್ದರಿಂದ, ಟೊಮೆಟೊ ಬಿಟ್ಟು ಜ್ಯೂಸ್ ಹಿಡಿಯುವುದು ಪರಿಹಾರವಾಗುವುದಿಲ್ಲ. ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ಹಿಡಿದುಕೊಂಡು ಹೋಗಿ, ದಿನಕ್ಕೆ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಮ್ ಆಗಬಹುದು ಎಂಬುದನ್ನು ವೈದ್ಯರಲ್ಲಿಯೋ ಆಸ್ಪತ್ರೆಯ ಆಹಾರ ತಜ್ಞರಲ್ಲಿಯೋ ಕೇಳಿ ಬರೆಸಿಕೊಂಡು, ಆ ಮಿತಿಯೊಳಗೆ ಹೊಂದುವಷ್ಟನ್ನು ಮಾತ್ರ ಆರಿಸಿಕೊಳ್ಳಬೇಕು.